ಹಗ್ಗ ಹಿಡಿದು ಗುಡ್ಡ ಏರುವ ಗಾಡಿ

ಸ್ಯಾನ್ ಫ್ರಾನ್ಸಿಸ್ಕೊದ ಕೇಬಲ್ ಕಾರ್ ರಸ್ತೆಯ ನಡುವೆ ಹಳಿಗಳ ಮೇಲೆ ಓಡುವ ಮರದ ಗಾಡಿ. ಅದಕ್ಕೆ ಎಂಜಿನ್ನೂ ಇಲ್ಲ, ಮೋಟಾರೂ ಇಲ್ಲ. ಎರಡು ಹಳಿಗಳ ಮಧ್ಯೆ ಉದ್ದಕ್ಕೂ ಒಂದು ಕಿರಿದಾದ ಸೀಳು ಇದೆ. ಅದರಡಿಯ ಕಾಲುವೆಯಲ್ಲಿ ಉಕ್ಕಿನ ಹಗ್ಗವೊಂದು ಗಂಟೆಗೆ ಸುಮಾರು 15 ಕಿಲೋಮೀಟರ್ ವೇಗದಲ್ಲಿ ಬಿಡುವಿಲ್ಲದೆ ಓಡುತ್ತಿರುತ್ತದೆ. ಗಾಡಿ ಆ ಹಗ್ಗವನ್ನು ಹಿಡಿದುಕೊಂಡು ಗುಡ್ಡ ಏರುತ್ತದೆ. ನಿಲ್ಲಬೇಕಾದಲ್ಲಿ ಹಗ್ಗ ಬಿಟ್ಟು ಬ್ರೇಕ್ ಹಾಕುತ್ತದೆ. ಕೈಯಿಂದ ನಡೆಸುವ ಇಂಥ ಕೇಬಲ್ ಕಾರುಗಳು ಊರಿನ ನಿತ್ಯ ಸಂಚಾರದ ಭಾಗವಾಗಿ ಉಳಿದಿರುವುದು ಜಗತ್ತಿನಲ್ಲಿ ಈ ನಗರದಲ್ಲಿ ಮಾತ್ರ.

ಇದನ್ನು ಆರಂಭಿಸಿದವರು ಆಂಡ್ರ್ಯೂ ಹ್ಯಾಲಿಡಿ. ಒದ್ದೆ ಕಲ್ಲುಹಾಸಿನ ಏರಿನಲ್ಲಿ ಟ್ರಾಮ್ ಎಳೆಯುತ್ತಿದ್ದ ಕುದುರೆಗಳು ಜಾರಿ ಬಿದ್ದು ಸತ್ತದ್ದನ್ನು ಕಂಡು ಅವರಿಗೆ ಈ ಯೋಚನೆ ಹೊಳೆಯಿತೆಂಬ ಕಥೆ ಪ್ರಚಾರದಲ್ಲಿದೆ. ಅದಕ್ಕಿಂತ ಮುಖ್ಯವಾದುದು ಅವರ ಕಸುಬು. ಅವರು ತಂತಿಯ ಹಗ್ಗ ತಯಾರಿಸುತ್ತಿದ್ದರು. ಗಣಿಗಳಲ್ಲಿ ಹಗ್ಗದಿಂದ ಅದಿರು ಸಾಗಿಸುವ ವಿದ್ಯೆ ಅವರಿಗೆ ಕರಗತವಾಗಿತ್ತು. 1873ರ ಆಗಸ್ಟ್‌ನಲ್ಲಿ ಕ್ಲೇ ಬೀದಿಯ ಇಳಿಜಾರಿನಲ್ಲಿ ಮೊದಲ ಪರೀಕ್ಷೆ ನಡೆಯಿತು. ಸೆಪ್ಟೆಂಬರ್‌ನಲ್ಲಿ ಜನಸಂಚಾರ ಶುರುವಾಯಿತು. ಕುದುರೆ ಹತ್ತಲಾರದ ಗುಡ್ಡಗಳ ಮೇಲೆ ಮನೆಗಳು ಎದ್ದವು, ನಿವೇಶನಗಳ ಬೆಲೆ ಏರಿತು. ಶಿಕಾಗೊ, ಮೆಲ್ಬರ್ನ್‌ನಂಥ ನಗರಗಳೂ ಇದೇ ದಾರಿ ಹಿಡಿದವು.

ಈ ಗಾಡಿಯ ಜೀವಾಳವೆಲ್ಲ ಗ್ರಿಪ್‌ಮನ್ ಎಂಬ ಚಾಲಕರ ಕೈಯಲ್ಲಿದೆ. ಗಾಡಿಯಲ್ಲಿನ ಎತ್ತರದ ಲಿವರ್ ಅನ್ನು ಎಳೆದರೆ, ಸೀಳಿನೊಳಗೆ ಇಳಿದಿರುವ ಗ್ರಿಪ್ ಇಕ್ಕಳದಂತೆ ಹಗ್ಗವನ್ನು ಕಚ್ಚುತ್ತದೆ. ಒಮ್ಮೆಲೇ ಬಿಗಿಯಾಗಿ ಕಚ್ಚಿದರೆ ಗಾಡಿ ಜಗ್ಗುತ್ತದೆ, ನಿಂತಿರುವವರು ಮುಗ್ಗರಿಸುತ್ತಾರೆ. ತೀರಾ ಸಡಿಲ ಬಿಟ್ಟರೆ ಹಗ್ಗ ಜಾರಿ ಗ್ರಿಪ್ಪಿನ ಲೋಹ ಸವೆಯುತ್ತದೆ. ಈ ಎರಡರ ನಡುವಿನ ಹದವನ್ನು ಪುಸ್ತಕದಿಂದ ಕಲಿಯಲಾಗದು. ಗ್ರಿಪ್ಪಿನ ದವಡೆಗಳಲ್ಲಿ ಕೂರಿಸಿದ ಡೈಗಳನ್ನು ಬೇಕೆಂದೇ ಮೆದು ಲೋಹದಲ್ಲಿ ಮಾಡಿರುತ್ತಾರೆ: ದುಬಾರಿ ಹಗ್ಗದ ಬದಲು ಅವೇ ಸವೆಯಲಿ ಎಂಬುದು ಉದ್ದೇಶ. ಕೆಲವೇ ದಿನಗಳಿಗೊಮ್ಮೆ ಅವನ್ನು ಬದಲಿಸುತ್ತಾರೆ.

ಇಳಿಜಾರಿನಲ್ಲೂ ಹಗ್ಗ ಬೇಕು. ಅದನ್ನು ಹಿಡಿದಿರುವಷ್ಟು ಹೊತ್ತು ಗಾಡಿ ಹಗ್ಗದ ವೇಗವನ್ನು ಮೀರದು. ಚಕ್ರದ ಬ್ರೇಕಲ್ಲದೆ, ಹಳಿಗೆ ನೇರವಾಗಿ ಒತ್ತುವ ಮರದ ದಿಮ್ಮಿಯ ಬ್ರೇಕೂ ಇದೆ. ಕಡಿದಾದ ಇಳುಕಲಿನಲ್ಲಿ ಅದರಿಂದ ಸುಟ್ಟ ಮರದ ವಾಸನೆ ಬರುತ್ತದೆ. ಕೊನೆಯ ಆಸರೆಯಾಗಿ ಸೀಳಿನೊಳಕ್ಕೆ ಉಕ್ಕಿನ ಬೆಣೆಯನ್ನು ಜಡಿಯುವ ತುರ್ತು ಬ್ರೇಕ್ ಇದೆ. ಅದು ಎಷ್ಟು ಬಿಗಿಯಾಗಿ ಕೂರುತ್ತದೆಂದರೆ ಕೆಲವೊಮ್ಮೆ ಬೆಂಕಿಯಿಂದ ಕತ್ತರಿಸಿಯೇ ಬಿಡಿಸಬೇಕಾಗುತ್ತದೆ. ಕ್ಯಾಲಿಫೋರ್ನಿಯ ಮತ್ತು ಪೊವೆಲ್ ಬೀದಿಗಳು ಕೂಡುವಲ್ಲಿ ಕೈಚಳಕ ಇನ್ನಷ್ಟು ಬೇಕು. ಅಲ್ಲಿ ಕ್ಯಾಲಿಫೋರ್ನಿಯ ಮಾರ್ಗದ ಹಗ್ಗ ಮೇಲಿದೆ, ಪೊವೆಲ್ ಮಾರ್ಗದ್ದು ಕೆಳಗೆ. ಪೊವೆಲ್ ಗಾಡಿ ಸರಿಯಾದ ಕ್ಷಣಕ್ಕೆ ತನ್ನ ಹಗ್ಗ ಬಿಟ್ಟು, ಬಂದ ವೇಗದಲ್ಲೇ ಅಡ್ಡರಸ್ತೆ ದಾಟಿ, ಆಚೆ ಮತ್ತೆ ಹಿಡಿಯಬೇಕು. ತೋಳಿನ ಬಲಕ್ಕಿಂತ ಹದವರಿತ ಹಿಡಿತ ಇಲ್ಲಿ ದೊಡ್ಡದು. ಗಂಡಸರದೇ ಆಗಿದ್ದ ಈ ಕೆಲಸಕ್ಕೆ 1998ರಲ್ಲಿ ಫ್ಯಾನಿ ಮೇ ಬಾರ್ನ್ಸ್ ಮೊದಲ ಮಹಿಳೆಯಾಗಿ ಬಂದರು.

1890ರ ದಶಕದಲ್ಲಿ ವಿದ್ಯುತ್ ಟ್ರಾಮ್ ಬಂತು. ಅದಕ್ಕೆ ಖರ್ಚು ಕಡಿಮೆ. 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಕೇಬಲ್ ಮಾರ್ಗಗಳು ಹಾಳಾದಾಗ ಬಹಳಷ್ಟನ್ನು ಮತ್ತೆ ಕಟ್ಟಲಿಲ್ಲ. 1947ರಲ್ಲಿ ಮೇಯರ್ ರೋಜರ್ ಲ್ಯಾಪಮ್ ಪೊವೆಲ್ ಬೀದಿಯ ಗಾಡಿಗಳನ್ನೂ ತೆಗೆದು ಬಸ್ಸು ಓಡಿಸಲು ಹೊರಟರು. ಆಗ ಫ್ರೀಡೆಲ್ ಕ್ಲಸ್‌ಮನ್ ಎಂಬ ಗೃಹಿಣಿ ಮಹಿಳಾ ಸಂಘಗಳನ್ನು ಒಟ್ಟುಗೂಡಿಸಿ ಚಳವಳಿ ಹೂಡಿದರು, ಸಹಿ ಸಂಗ್ರಹಿಸಿದರು, ವಿಷಯವನ್ನು ಮತದಾರರ ಮುಂದೆ ತಂದರು. ವಿರೋಧದ ಒಂದು ಮತಕ್ಕೆ ಪರವಾಗಿ ಮೂರಕ್ಕಿಂತ ಹೆಚ್ಚು ಮತಗಳಂತೆ ಜನ ಗಾಡಿಗಳ ಪರ ನಿಂತರು. ಈ ಪಾರಂಪರಿಕ ಗಾಡಿ ಇಂದು ಇರುವುದಕ್ಕೆ ಹ್ಯಾಲಿಡಿಯವರಷ್ಟೇ ಕ್ಲಸ್‌ಮನ್ ಅವರೂ ಕಾರಣ. 1964ರಲ್ಲಿ ಇದಕ್ಕೆ ರಾಷ್ಟ್ರೀಯ ಐತಿಹಾಸಿಕ ಸ್ಮಾರಕದ ಪಟ್ಟ ಸಿಕ್ಕಿತು. 1982ರಿಂದ 1984ರವರೆಗೆ ಸಂಚಾರ ನಿಲ್ಲಿಸಿ ಇಡೀ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಲಾಯಿತು.

ಈಗ ಉಳಿದಿರುವುದು ಮೂರು ಮಾರ್ಗ. ಪೊವೆಲ್–ಹೈಡ್ ಗಾಡಿ ವಕ್ರತಿರುವುಗಳ ಲೊಂಬಾರ್ಡ್ ಬೀದಿಯ ನೆತ್ತಿಯನ್ನು ದಾಟಿ, ಕೊಲ್ಲಿಯನ್ನೂ ಆಲ್ಕಟ್ರಾಜ್ ದ್ವೀಪವನ್ನೂ ಎದುರಿಗಿಟ್ಟುಕೊಂಡು ಇಳಿಯುತ್ತದೆ. ನೋಟಕ್ಕೆ ಇದೇ ಎಲ್ಲಕ್ಕಿಂತ ಸೊಗಸು. ಪೊವೆಲ್–ಮೇಸನ್ ಗಾಡಿ ಫಿಶರ್‌ಮನ್ಸ್ ವಾರ್ಫ್ ಸಮೀಪಕ್ಕೆ ಒಯ್ಯುತ್ತದೆ. ಈ ಎರಡು ಮಾರ್ಗಗಳ ಗಾಡಿಗಳನ್ನು ತುದಿಯಲ್ಲಿ ತಿರುಗುಮಣೆಯ ಮೇಲೆ ನಿಲ್ಲಿಸಿ ಸಿಬ್ಬಂದಿ ಕೈಯಿಂದಲೇ ತಳ್ಳಿ ತಿರುಗಿಸುತ್ತಾರೆ. ಅದನ್ನು ನೋಡಲು ಮಾರ್ಕೆಟ್ ಬೀದಿಯ ತುದಿಯಲ್ಲಿ ಸದಾ ಜನಜಂಗುಳಿ. 1878ರಲ್ಲಿ ಆರಂಭವಾದ ಕ್ಯಾಲಿಫೋರ್ನಿಯ ಮಾರ್ಗವೇ ಉಳಿದವುಗಳಲ್ಲಿ ಹಳೆಯದು. ಅಲ್ಲಿ ಸರತಿ ಸಾಲು ಸಾಮಾನ್ಯವಾಗಿ ಚಿಕ್ಕದು.

ವಾಷಿಂಗ್ಟನ್ ಮತ್ತು ಮೇಸನ್ ಬೀದಿಗಳ ಮೂಲೆಯಲ್ಲಿರುವ ಕೇಬಲ್ ಕಾರ್ ಮ್ಯೂಸಿಯಂಗೆ ಪ್ರವೇಶ ಉಚಿತ. ಎಲ್ಲ ಹಗ್ಗಗಳನ್ನು ಎಳೆಯುವ ವಿದ್ಯುತ್ ಮೋಟಾರುಗಳೂ ದೈತ್ಯ ಚಕ್ರಗಳೂ ಇದೇ ಕಟ್ಟಡದಲ್ಲಿ ತಿರುಗುತ್ತಿರುತ್ತವೆ. ಅವನ್ನು ಮೇಲಿನ ಗ್ಯಾಲರಿಯಿಂದ ನೋಡಬಹುದು. ಹ್ಯಾಲಿಡಿಯವರ ಕ್ಲೇ ಬೀದಿ ಮಾರ್ಗದ 1873ರ ಒಂದು ಗಾಡಿಯನ್ನೂ ಇಲ್ಲಿ ಕಾಪಾಡಿದ್ದಾರೆ.