ನಿಮಗಿದು ಗೊತ್ತೆ?: ಮಾತಿಗೊಂದು ವಯಸ್ಸು

ಹಯಾವೊ ಮಿಯಾಜಾಕಿ ನಿರ್ದೇಶನದ ಜಪಾನಿ ಅನಿಮೇಷನ್ ಚಿತ್ರ ‘ಹೌಲ್ಸ್ ಮೂವಿಂಗ್ ಕ್ಯಾಸಲ್’ (2004) ನೋಡುವಾಗ ನಾಯಕಿ ಸೋಫಿಯ ಮುಖದ ಮೇಲೆ ಕಣ್ಣಿಡಿ. ಟೋಪಿ ಹೊಲಿಯುವ ಈ ಹುಡುಗಿ ಮಾಟಗಾತಿಯೊಬ್ಬಳ ಶಾಪದಿಂದ ಮುದುಕಿಯಾಗುತ್ತಾಳೆ. ಆದರೆ ಆ ಮುಪ್ಪು ಒಂದೇ ಸಮನೆ ಇರುವುದಿಲ್ಲ! ನಿದ್ದೆಯಲ್ಲಿ ಸುಕ್ಕುಗಳು ಮಾಯ. ರಾಜಮಾಂತ್ರಿಕೆಯ ಎದುರು ಮಾಂತ್ರಿಕ ಹೌಲ್‌ನ ಪರವಾಗಿ ದಿಟ್ಟವಾಗಿ ವಾದಿಸುವಾಗ ಬೆನ್ನು ನೆಟ್ಟಗಾಗಿ ಹರೆಯ ಮರಳುತ್ತದೆ. ಹೂಬಯಲಿನ ದೃಶ್ಯವಂತೂ ಅದ್ಭುತ. ತಾನು ಚೆಲುವೆಯಲ್ಲ, ಕಸ ಗುಡಿಸುವುದಷ್ಟೇ ತನಗೆ ಗೊತ್ತು ಎನ್ನುವ ಅವಳಿಗೆ ಹೌಲ್ ‘ನೀನು ಸುಂದರಿ’ ಎಂದದ್ದೇ ತಡ, ಮುದಿತನ ಮತ್ತೆ ಆವರಿಸುತ್ತದೆ. ಹೊಗಳಿಕೆಯನ್ನು ನಂಬಲಾರದ ಮನಸ್ಸಿಗೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಕ್ಕೀತೆ? ಇದೆಲ್ಲ ಏಕೆಂದು ಚಿತ್ರದಲ್ಲಿ ಯಾರೂ ವಿವರಿಸುವುದಿಲ್ಲ. ಅದೇ ಅದರ ಸೊಗಸು.

ಅವಳ ಈ ಮನಸ್ಥಿತಿಯ ಸುಳಿವು ಶಾಪಕ್ಕೂ ಮೊದಲೇ ಇದೆ. ಕನ್ನಡಿ ಮುಂದೆ ಒಂದು ಕ್ಷಣ ನಕ್ಕವಳು ಮರುಕ್ಷಣವೇ ಮುಖ ಸಿಂಡರಿಸಿ ಟೋಪಿಯನ್ನು ಕೆಳಗೆಳೆದುಕೊಳ್ಳುತ್ತಾಳೆ.

ಮೂಲಕೃತಿ ಡಯಾನಾ ವಿನ್ ಜೋನ್ಸ್ ಅವರ 1986ರ ಇಂಗ್ಲಿಷ್ ಕಾದಂಬರಿ. ಅಂದಹಾಗೆ, ಜಪಾನಿಯಲ್ಲಿ ಹುಡುಗಿ ಸೋಫಿ, ಮುದುಕಿ ಸೋಫಿ ಇಬ್ಬರಿಗೂ ದನಿ ಕೊಟ್ಟವರು ಒಬ್ಬರೇ: ಆಗ ಅರವತ್ತು ದಾಟಿದ್ದ ನಟಿ ಚಿಯೆಕೊ ಬೈಶೊ.