ಸಾಲ್ಟ್ ನಿಕ್ ಸಪ್ಪೆಯಲ್ಲ

ಇ-ಸಿಗರೇಟಿಗೆ ಕರ್ನಾಟಕ 2016ರಲ್ಲೇ ತಡೆ ಹಾಕಿತು. 2019ರಲ್ಲಿ ಇಡೀ ದೇಶದಲ್ಲೇ ನಿಷೇಧವಾಯಿತು. ಆದರೂ ಪೆನ್ನಿನಂಥ, ಪೆನ್‌ಡ್ರೈವಿನಂಥ ವೇಪ್‌ಗಳು ಕಾಲೇಜು ಹುಡುಗರ ಬ್ಯಾಗಿನಲ್ಲಿ ಸಿಗುತ್ತಲೇ ಇವೆ. ಅವುಗಳ ಜೊತೆಗೆ ಒಂದಿಷ್ಟು ಅರೆಬೆಂದ ರಸಾಯನಶಾಸ್ತ್ರವೂ ಬಾಯಿಂದ ಬಾಯಿಗೆ ಹರಡುತ್ತಿದೆ. ‘ಇದರಲ್ಲಿರುವುದು ಬೇರೆ ನಿಕೊಟಿನ್’ ಎಂಬ ಮಾತಿನಿಂದಲೇ ಅದು ಶುರು.

ತಪ್ಪು ಕಲ್ಪನೆ: ಸಾಲ್ಟ್ ನಿಕ್ ಅಂದರೆ ಮೆತ್ತಗಿನ ನಿಕೊಟಿನ್.

ವಾಸ್ತವ: ಮೆತ್ತಗಿರುವುದು ಗಂಟಲಿಗೆ ಮಾತ್ರ. ನಿಕೊಟಿನ್ ಸ್ವಭಾವತಃ ಕ್ಷಾರ. ಆಮ್ಲದ ಸೋಂಕಿಲ್ಲದೆ ಹಾಗೇ ಇದ್ದರೆ ಅದಕ್ಕೆ ಫ್ರೀಬೇಸ್ ಎನ್ನುತ್ತಾರೆ. ಹಳೆಯ ವೇಪ್ ದ್ರವಗಳಲ್ಲಿ ಹೆಚ್ಚಾಗಿ ಇದ್ದದ್ದು ಇದೇ. ಎಳೆದರೆ ಗಂಟಲು ಉರಿಯುತ್ತದೆ, ಕೆಮ್ಮು ಬರುತ್ತದೆ. ಪ್ರಮಾಣ ಹೆಚ್ಚಿಸಿದಷ್ಟೂ ಉರಿ ಹೆಚ್ಚು. ಹಾಗಾಗಿ ದೊಡ್ಡ ಸಾಧನಗಳಲ್ಲಿ ಒಂದು ಮಿಲಿಲೀಟರಿಗೆ 3 ಅಥವಾ 6 ಮಿಲಿಗ್ರಾಂ ಫ್ರೀಬೇಸ್ ಇಟ್ಟುಕೊಂಡೇ ಸೇದುವವರು ಬಹಳ. ಒಂದು ರೀತಿಯಲ್ಲಿ ಆ ಉರಿಯೇ ಕಾವಲುಗಾರನ ಕೆಲಸ ಮಾಡುತ್ತಿತ್ತು.

2015ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಜೂಲ್ ಎಂಬ ವೇಪ್ ಆ ಕಾವಲನ್ನು ತೆಗೆದುಹಾಕಿತು. ನಿಕೊಟಿನ್‌ಗೆ ಬೆಂಜೋಯಿಕ್ ಆಮ್ಲ ಬೆರೆಸಿದರೆ ಎರಡೂ ಸೇರಿ ಲವಣವಾಗುತ್ತದೆ, ಕ್ಷಾರದ ಗುಣ ಇಳಿಯುತ್ತದೆ, ಗಂಟಲು ಪ್ರತಿಭಟಿಸುವುದಿಲ್ಲ. ಲ್ಯಾಕ್ಟಿಕ್, ಲೆವುಲಿನಿಕ್ ಆಮ್ಲಗಳನ್ನು ಬಳಸುವವರೂ ಇದ್ದಾರೆ. ಸಾಲ್ಟ್ ನಿಕ್ ಎಂದರೆ ಈ ಲವಣವೇ; ಅಡುಗೆ ಉಪ್ಪಿಗೂ ಇದಕ್ಕೂ ಸಂಬಂಧವಿಲ್ಲ. ಫ್ರೀಬೇಸ್ ಆದರೂ ಲವಣವಾದರೂ ರಕ್ತಕ್ಕೆ ಸೇರಿದ ಮೇಲೆ ಒಂದೇ ನಿಕೊಟಿನ್. ಮಿದುಳಿನ ಮೇಲೆ ಮಾಡುವ ಕೆಲಸವೂ ಒಂದೇ. ವ್ಯತ್ಯಾಸ ಏನೆಂದರೆ, ಫ್ರೀಬೇಸ್‌ನಲ್ಲಿ ಸಹಿಸಲಾಗದಷ್ಟು ನಿಕೊಟಿನ್ ಲವಣದ ರೂಪದಲ್ಲಿ ಸಲೀಸಾಗಿ ಒಳಗೆ ಹೋಗುತ್ತದೆ. ಎಂದೂ ಸಿಗರೇಟು ಮುಟ್ಟದ ಹದಿನೈದರ ಹುಡುಗನಿಗೆ ಮೊದಲ ದಮ್ಮಿಗೇ ಕೆಮ್ಮು ಬಾರದಿದ್ದರೆ, ಎರಡನೆಯದಕ್ಕೆ ಅಡ್ಡಿಯೇನು? ನನಗೆ ಈ ತಂತ್ರದಲ್ಲಿ ಕಾಣುವ ಅತಿದೊಡ್ಡ ಅಪಾಯ ಇದೇ.

ತಪ್ಪು ಕಲ್ಪನೆ: ಫ್ರೀಬೇಸ್ ಎಂಬುದು ವಿದೇಶಿ ಲ್ಯಾಬಿನಲ್ಲಿ ಹುಟ್ಟಿದ ಹೊಸ ವಿದ್ಯೆ.

ವಾಸ್ತವ: ಹೊಗೆಸೊಪ್ಪಿಗೆ ಸುಣ್ಣ ಹಚ್ಚಿ ಅಂಗೈಯಲ್ಲಿ ತಿಕ್ಕಿ ದವಡೆಗಿಡುವವರು ಅದನ್ನು ತಲೆಮಾರುಗಳಿಂದ ಮಾಡುತ್ತ ಬಂದಿದ್ದಾರೆ. ಸುಣ್ಣದ ಕ್ಷಾರ ಎಲೆಯಲ್ಲಿ ಬಂಧಿಯಾಗಿರುವ ನಿಕೊಟಿನ್ ಅನ್ನು ಬಿಡಿಸುತ್ತದೆ. ಬಿಡುಗಡೆಯಾದದ್ದು ಬಾಯಿಯ ತೆಳು ಪೊರೆಯ ಮೂಲಕ ಬೇಗ ರಕ್ತ ಸೇರುತ್ತದೆ. ಸುಣ್ಣ ಹಾಕಿದರೆ ‘ಏರು’ ಜಾಸ್ತಿ ಎಂದು ತಿನ್ನುವವರಿಗೆ ಗೊತ್ತು. ಕಾರಣ ಇದು.

ತಪ್ಪು ಕಲ್ಪನೆ: ಬರೀ ಐದು ಪರ್ಸೆಂಟ್ ತಾನೇ?

ವಾಸ್ತವ: ಜೂಲ್‌ನ ಐದು ಪರ್ಸೆಂಟ್ ತೂಕದ ಲೆಕ್ಕ. ಅಳತೆಯಲ್ಲಿ ಹೇಳಿದರೆ ಮಿಲಿಲೀಟರಿಗೆ ಸುಮಾರು 59 ಮಿಲಿಗ್ರಾಂ. 0.7 ಮಿಲಿಲೀಟರ್ ದ್ರವ ತುಂಬಿದ ಒಂದು ಪುಟ್ಟ ಡಬ್ಬಿ, ಅಂದರೆ ಪಾಡ್‌ನಲ್ಲಿ ಸುಮಾರು 40 ಮಿಲಿಗ್ರಾಂ ನಿಕೊಟಿನ್ ಅಡಗಿರುತ್ತಿತ್ತು. ಒಂದು ಪಾಡ್ ಹೆಚ್ಚುಕಡಿಮೆ ಒಂದು ಪ್ಯಾಕ್ ಸಿಗರೇಟಿಗೆ ಸಮ ಎಂದು ಕಂಪನಿಯೇ ಹೇಳಿಕೊಂಡಿತ್ತು. ಯುರೋಪಿಯನ್ ಒಕ್ಕೂಟದಲ್ಲಿ ಮಿಲಿಲೀಟರಿಗೆ 20 ಮಿಲಿಗ್ರಾಂ ಮೀರುವಂತಿಲ್ಲ. ಇಲ್ಲಿಗೆ ಕದ್ದು ಬರುವ ಮಾಲಿಗೆ ಯಾವ ಮಿತಿಯೂ ಇಲ್ಲ. ಲೇಬಲ್ಲಿನ ಮೇಲಿರುವುದೇ ಒಳಗಿದೆ ಎಂದು ಯಾರೂ ಪರೀಕ್ಷಿಸಿರುವುದಿಲ್ಲ.

ತಪ್ಪು ಕಲ್ಪನೆ: ತಂಬಾಕಿನಿಂದ ತೆಗೆಯದ ಕೃತಕ ನಿಕೊಟಿನ್‌ನಿಂದ ತೊಂದರೆಯಿಲ್ಲ.

ವಾಸ್ತವ: ಹುಣಸೂರಿನ ಹೊಲದ ಎಲೆಯಿಂದ ಬಂದರೂ ಕಾರ್ಖಾನೆಯ ಕೊಳವೆಯಿಂದ ಬಂದರೂ ಅಣು ಅದೇ. ಕೃತಕವಾಗಿ ತಯಾರಿಸುವಾಗ ಎಡಗೈ, ಬಲಗೈಗಳಂತೆ ಒಂದಕ್ಕೊಂದು ಪ್ರತಿಬಿಂಬವಾದ ಎಸ್ ಮತ್ತು ಆರ್ ಎಂಬ ಎರಡು ರೂಪಗಳು ಹುಟ್ಟಬಹುದು. ತಂಬಾಕಿನಲ್ಲಿರುವುದು ಬಹುತೇಕ ಎಸ್; ಚಟ ಹತ್ತಿಸುವ ಶಕ್ತಿ ಹೆಚ್ಚಾಗಿ ಅದರದ್ದೇ. ಆರ್ ದುರ್ಬಲ. ಈಗ ಎಸ್ ರೂಪವನ್ನಷ್ಟೇ ತಯಾರಿಸುವ ವಿಧಾನಗಳೂ ಇವೆ. ಹಾಗಿದ್ದರೆ ಇಷ್ಟು ಖರ್ಚು ಮಾಡಿ ಕೃತಕವಾಗಿ ತಯಾರಿಸಿದ್ದೇಕೆ? ಅಮೆರಿಕದ ಕಾನೂನು ತಂಬಾಕಿನಿಂದ ಬಂದ ನಿಕೊಟಿನ್ ಬಗ್ಗೆ ಮಾತ್ರ ಮಾತನಾಡುತ್ತಿತ್ತು. ಪಫ್ ಬಾರ್‌ನಂಥ ಬ್ರ್ಯಾಂಡ್‌ಗಳು 2021ರಲ್ಲಿ ಆ ಸಂದಿಯಲ್ಲಿ ನುಸುಳಿದವು. 2022ರ ಏಪ್ರಿಲ್‌ನಿಂದ ನಿಕೊಟಿನ್ ಎಲ್ಲಿಂದ ಬಂದರೂ ನಿಯಂತ್ರಣ ಒಂದೇ ಎಂದಾಯಿತು. ಆರೋಗ್ಯದ ಕಾಳಜಿಗಿಂತ ವಕೀಲರ ಬುದ್ಧಿ ಇಲ್ಲಿ ಹೆಚ್ಚು ಕೆಲಸ ಮಾಡಿತ್ತು.

ತಪ್ಪು ಕಲ್ಪನೆ: ನಿಕೊಟಿನ್ನೇ ಕ್ಯಾನ್ಸರ್ ತರುವುದು.

ವಾಸ್ತವ: ಇದು ಆ ಕಡೆಯ ಅತಿರೇಕ. ಸಿಗರೇಟಿನ ಕ್ಯಾನ್ಸರಿಗೆ ಮುಖ್ಯ ಕಾರಣ ಉರಿದ ಎಲೆಯ ಹೊಗೆಯಲ್ಲಿರುವ ವಿಷಗಳು. ಚಟ ಬಿಡಿಸಲು ವೈದ್ಯರು ನಿಕೊಟಿನ್ ಚ್ಯೂಯಿಂಗ್ ಗಮ್, ಪ್ಯಾಚ್ ಕೊಡುವುದು ಅದಕ್ಕೇ. ಆದರೆ ನಿಕೊಟಿನ್ ಹೃದಯದ ಬಡಿತ, ರಕ್ತದೊತ್ತಡ ಏರಿಸುತ್ತದೆ. ಬೆಳೆಯುವ ಮಿದುಳಿಗೆ, ಹೊಟ್ಟೆಯಲ್ಲಿರುವ ಮಗುವಿಗೆ ಹಾನಿಕರ. ಮೇಲಾಗಿ ವೇಪ್‌ನಿಂದ ಹೊರಡುವುದು ನೀರಾವಿಯಲ್ಲ. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್‌ಗಳ ಸೂಕ್ಷ್ಮ ಹನಿಗಳು. ಕಾವು ಹೆಚ್ಚಿದರೆ ಅವುಗಳಿಂದ ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ.

ತಪ್ಪು ಕಲ್ಪನೆ: ವೇಪ್ ದ್ರವ ಕೈಗೆ ತಾಗಿದರೆ ಏನೂ ಆಗುವುದಿಲ್ಲ.

ವಾಸ್ತವ: ಒದ್ದೆ ತಂಬಾಕು ಎಲೆ ಕೀಳುವ ಕೂಲಿಕಾರರಿಗೆ ತಲೆಸುತ್ತು, ವಾಂತಿ ಬರುವುದು ಚರ್ಮದ ಮೂಲಕ ಇಳಿಯುವ ನಿಕೊಟಿನ್‌ನಿಂದಲೇ. ವೇಪ್ ದ್ರವದಲ್ಲೂ ಇರುವುದು ಅದೇ ನಿಕೊಟಿನ್. ಹಣ್ಣಿನ ವಾಸನೆಗೆ ಮರುಳಾಗಿ ಮಗುವೊಂದು ಕುಡಿದರೆ ಪ್ರಾಣಕ್ಕೇ ಕುತ್ತು.

ತಪ್ಪು ಕಲ್ಪನೆ: ಜೀರೋ ನಿಕೊಟಿನ್ ಆದರೆ ಮಾರಬಹುದು.

ವಾಸ್ತವ: ಆಗದು. ನಿಕೊಟಿನ್ ಇರಲಿ ಬಿಡಲಿ, ದ್ರವ ಕಾಯಿಸಿ ಸೇದಿಸುವ ಸಾಧನವೆಲ್ಲ 2019ರ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಮೊದಲ ಸಲ ಮಾರಿ ಸಿಕ್ಕಿಬಿದ್ದವರಿಗೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಮನೆಯಲ್ಲಿ ಯಾರಾದರೂ ಈ ಚಟಕ್ಕೆ ಬಿದ್ದಿದ್ದರೆ ಬೈದು ಫಲವಿಲ್ಲ. ತಂಬಾಕು ಬಿಡಿಸಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಿ. ಬೆಂಗಳೂರಿನ ನಿಮ್ಹಾನ್ಸ್ ಕೂಡ ಈ ಸಹಾಯವಾಣಿಯ ಕೇಂದ್ರಗಳಲ್ಲೊಂದು.