ರೆಡ್ ಡಿಯರ್ ಕಣಿವೆಯ ಡೈನೋಸಾರ್ ಪಳೆಯುಳಿಕೆಗಳು: ಸ್ಥಳನಿರ್ದೇಶದ ಮಹತ್ತ್ವ

ಕೆನಡ ದೇಶದ ಆಲ್ಬರ್ಟ ಪ್ರಾಂತದಲ್ಲಿ ಹರಿಯುವ ರೆಡ್ ಡಿಯರ್ ನದಿಯ ಇಕ್ಕೆಲದ ನೆಲವು ಡೈನೋಸಾರ್ ಪಳೆಯುಳಿಕೆಗಳಿಗೆ ಜಗತ್ಪ್ರಸಿದ್ಧವಾದುದು. ಅಲ್ಲಿ ದೊರೆತ ಅಸ್ಥಿಪಂಜರಗಳು ಹಲವು ದೇಶಗಳ ವಸ್ತುಸಂಗ್ರಹಾಲಯಗಳನ್ನು ಸೇರಿವೆ. ಇಂತಹ ಅಸ್ಥಿಪಂಜರದ ಎದುರು ನಿಂತ ಪ್ರೇಕ್ಷಕನ ಗಮನ ಅದರ ಗಾತ್ರದ ಕಡೆಗೆ ಹರಿಯುವುದು ಸಹಜ. ಶಾಸ್ತ್ರಜ್ಞನಾದರೋ ಅದು ಯಾವ ಸ್ಥಳದಲ್ಲಿ, ಯಾವ ಸ್ತರದಲ್ಲಿ ದೊರೆಯಿತೆಂದು ಮೊದಲು ಕೇಳುತ್ತಾನೆ. ಈ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಎಲುಬಿನ ಮೌಲ್ಯದಲ್ಲಿ ದೊಡ್ಡ ಭಾಗವು ನಷ್ಟವಾದಂತೆಯೇ ಸರಿ. ರೆಡ್ ಡಿಯರ್ ಕಣಿವೆಯ ಶೋಧನೆಯ ಇತಿಹಾಸವು ಈ ಮಾತಿಗೆ ಉತ್ತಮ ನಿದರ್ಶನವಾಗಿದೆ.

ಇಂಗ್ಲಿಷಿನಲ್ಲಿ ‘ಬ್ಯಾಡ್‌ಲ್ಯಾಂಡ್ಸ್’ ಎನಿಸಿಕೊಳ್ಳುವ ಇಂತಹ ಪ್ರದೇಶವನ್ನು ನಾವು ಕೊರಕಲು ನಾಡೆಂದು ಕರೆಯಬಹುದು. ಸುಮಾರು ೭.೫ ಕೋಟಿ ವರ್ಷಗಳ ಹಿಂದೆ ಇಲ್ಲಿ ಬೆಚ್ಚನೆಯ ಹವೆಯ ಕರಾವಳಿ ಬಯಲೂ ಅದರ ಪೂರ್ವಕ್ಕೆ ಒಳನಾಡಿನ ಸಮುದ್ರವೂ ಇದ್ದುವು. ಪಶ್ಚಿಮದಿಂದ ಹರಿದುಬಂದ ನದಿಗಳು ಹೊತ್ತು ತಂದ ಮರಳು, ಮಣ್ಣು ಸತ್ತ ಪ್ರಾಣಿಗಳ ಕಳೇಬರಗಳನ್ನು ಮುಚ್ಚಿದುವು; ನೀರಿನಲ್ಲಿ ಕರಗಿದ್ದ ಖನಿಜಗಳು ಎಲುಬಿನ ರಂಧ್ರಗಳನ್ನು ತುಂಬಿ ಅವನ್ನು ಕಲ್ಲಾಗಿಸಿದುವು. ಕಳೆದ ಹಿಮಯುಗದ ಅಂತ್ಯದಲ್ಲಿ, ಸುಮಾರು ೧೩,೦೦೦ ವರ್ಷಗಳ ಹಿಂದೆ, ಕರಗಿದ ಹಿಮದ ನೀರು ಈ ಮೆದುಶಿಲೆಗಳನ್ನು ಕೊರೆದು ಆಳವಾದ ಕಣಿವೆಯನ್ನು ನಿರ್ಮಿಸಿತು. ಜ್ವಾಲಾಮುಖಿಯ ಬೂದಿಯಿಂದಾದ ಬೆಂಟೊನೈಟ್ ಎಂಬ ಜೇಡಿಮಣ್ಣು ನೀರು ಹೀರಿ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಆದುದರಿಂದ ಗಿಡಮರಗಳು ಅಲ್ಲಿ ಬೇರೂರಲಾರವು. ಹೊದಿಕೆಯಿಲ್ಲದ ಇಳಿಜಾರು ಮಳೆಯ ಹೊಡೆತಕ್ಕೆ ವರ್ಷಕ್ಕೆ ಸರಾಸರಿ ೪ ಮಿಲಿಮೀಟರಿನಷ್ಟು ಸವೆಯುತ್ತದೆ. ಹೊಸ ಎಲುಬುಗಳನ್ನು ಹೊರಗೆಡಹುವ ಸವೆತವೇ ಹೊರಬಿದ್ದ ಎಲುಬುಗಳನ್ನು ಪುಡಿಗೈಯುವುದೂ ಉಂಟು. ಶೋಧಕನು ಅವೆರಡರ ನಡುವಿನ ಅಲ್ಪಾವಧಿಯಲ್ಲಿ ಅಲ್ಲಿಗೆ ತಲಪಬೇಕು.

ಆ ನಾಡಿನ ಮೂಲನಿವಾಸಿಗಳಾದ ಪೀಗನ್ ಜನರು ಈ ಎಲುಬುಗಳನ್ನು ಬಹು ಹಿಂದೆಯೇ ಕಂಡಿದ್ದರು. ಅವು ಬೈಸನ್ ಎಂಬ ಕಾಡುಕೋಣಗಳ ಪಿತಾಮಹನವೆಂದು ಭಾವಿಸಿ ಗೌರವಿಸುತ್ತಿದ್ದರು. ೧೮೮೪ರಲ್ಲಿ ಕೆನಡದ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯ ಜೋಸೆಫ್ ಟಿರೆಲ್ ಅವರು ಕಲ್ಲಿದ್ದಲಿನ ಸ್ತರಗಳನ್ನು ಪರೀಕ್ಷಿಸುತ್ತಿದ್ದಾಗ, ಈಗಿನ ಡ್ರಮ್‌ಹೆಲರ್ ಪಟ್ಟಣದ ಸಮೀಪದಲ್ಲಿ ಮಾಂಸಾಹಾರಿ ಡೈನೋಸಾರೊಂದರ ತಲೆಬುರುಡೆಯನ್ನು ಕಂಡರು. ೧೯೦೫ರಲ್ಲಿ ಹೆನ್ರಿ ಆಸ್ಬರ್ನ್ ಅವರು ಈ ಪ್ರಾಣಿಗೆ ಆಲ್ಬರ್ಟೋಸಾರಸ್ ಎಂದು ಹೆಸರಿಟ್ಟರು. ಆಲ್ಬರ್ಟ ಪ್ರಾಂತವು ಸ್ಥಾಪನೆಯಾದುದೂ ಅದೇ ವರ್ಷದಲ್ಲಿ.

೧೯೧೦ರಲ್ಲಿ ನ್ಯೂಯಾರ್ಕಿನ ಅಮೆರಿಕನ್ ಪ್ರಕೃತಿವಿಜ್ಞಾನ ಸಂಗ್ರಹಾಲಯದ ಬಾರ್ನಂ ಬ್ರೌನ್ ಅವರು ಚಪ್ಪಟೆ ತಳದ ದೊಡ್ಡ ದೋಣಿಯ ಮೇಲೆ ಡೇರೆ ಹೂಡಿ, ನದಿಯ ಹರಿವಿನೊಡನೆ ಸಾಗುತ್ತ ದಡಗಳನ್ನು ಶೋಧಿಸತೊಡಗಿದರು. ಅಮೂಲ್ಯ ವಸ್ತುಗಳು ಪರದೇಶಕ್ಕೆ ಸಾಗುವುದನ್ನು ಕಂಡ ಕೆನಡ ಸರ್ಕಾರವು ೧೯೧೨ರಲ್ಲಿ ಚಾರ್ಲ್ಸ್ ಸ್ಟರ್ನ್‌ಬರ್ಗ್ ಮತ್ತು ಅವರ ಪುತ್ರರನ್ನು ಇದೇ ಕಾರ್ಯಕ್ಕೆ ನೇಮಿಸಿತು. ಮುಂದಿನ ಕೆಲವು ವರ್ಷಗಳ ಸ್ಪರ್ಧೆಯಲ್ಲಿ ಅಸ್ಥಿಪಂಜರಗಳು ರಾಶಿರಾಶಿಯಾಗಿ ಹೊರಬಂದುವು. ಅವುಗಳಲ್ಲೊಂದಾದ ಕೊರಿಥೋಸಾರಸ್ಸಿನಲ್ಲಿ ಚರ್ಮದ ಅಚ್ಚೂ ಉಳಿದಿತ್ತು. ನಷ್ಟಗಳೂ ಆಗದೆ ಇರಲಿಲ್ಲ: ಲಂಡನ್ನಿನ ಬ್ರಿಟಿಷ್ ಸಂಗ್ರಹಾಲಯಕ್ಕಾಗಿ ಪಳೆಯುಳಿಕೆಗಳನ್ನು ಒಯ್ಯುತ್ತಿದ್ದ ಮೌಂಟ್ ಟೆಂಪಲ್ ಎಂಬ ಹಡಗನ್ನು ೧೯೧೬ರ ಡಿಸೆಂಬರ್ ೬ರಂದು ಜರ್ಮನ್ ಯುದ್ಧನೌಕೆಯೊಂದು ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿಸಿತು.

ಸಾಗರದಲ್ಲಿ ಮುಳುಗಿದುದು ಕಣ್ಣಿಗೆ ಕಾಣುವ ನಷ್ಟ. ಸುರಕ್ಷಿತವಾಗಿ ತಲಪಿದ ಎಲುಬುಗಳ ವಿಷಯದಲ್ಲಿಯೂ ಬೇರೊಂದು ಬಗೆಯ ನಷ್ಟವು ಸಂಭವಿಸುತ್ತಿತ್ತು. ತೋಡಿದ ಗುಂಡಿಗಳಲ್ಲಿ ಅನೇಕವು ಎಲ್ಲಿದ್ದುವೆಂಬುದು ಕ್ರಮೇಣ ಮರೆತುಹೋಯಿತು. ಇದನ್ನು ಮನಗಂಡ ಸ್ಟರ್ನ್‌ಬರ್ಗರ ಮಗ ಚಾರ್ಲ್ಸ್ ಎಂ. ಸ್ಟರ್ನ್‌ಬರ್ಗ್ ಅವರು ೧೯೩೦ರ ದಶಕದಲ್ಲಿ ಹಳೆಯ ಗುಂಡಿಗಳನ್ನು ಹುಡುಕಿ ಸಂಖ್ಯೆಯುಳ್ಳ ಗುರುತುಗಳನ್ನು ನೆಟ್ಟರು. ಅವುಗಳ ನಕ್ಷೆಯು ೧೯೫೦ರಲ್ಲಿ ಪ್ರಕಟವಾಯಿತು. ಗುರುತು ಸಿಕ್ಕದ ಗುಂಡಿಗಳನ್ನು ಅನಂತರದ ಶೋಧಕರು ಅಲ್ಲಿ ಉಳಿದಿರುವ ಪ್ಲಾಸ್ಟರಿನ ತುಂಡು, ತಗಡಿನ ಡಬ್ಬಿ, ಹಳೆಯ ವೃತ್ತಪತ್ರಿಕೆಯ ಚೂರುಗಳ ಆಧಾರದಿಂದ ಪತ್ತೆಹಚ್ಚುತ್ತ ಬಂದಿದ್ದಾರೆ.

ಇದರಿಂದ ಪ್ರಯೋಜನವೇನೆಂದು ಕೇಳಬಹುದು. ಮೂರು ಉದಾಹರಣೆಗಳು ಸಾಕು. ಮೊದಲನೆಯದಾಗಿ, ೧೯೧೩ರಲ್ಲಿ ಲಾರೆನ್ಸ್ ಲ್ಯಾಂಬ್ ಅವರು ವರ್ಣಿಸಿದ ಸ್ಟೈರಾಕೋಸಾರಸ್ ಎಂಬ ಕೊಂಬುಳ್ಳ ಡೈನೋಸಾರಿನ ಗುಂಡಿಗೆ ೧೯೩೫ರಲ್ಲಿ ಮತ್ತೊಂದು ತಂಡವು ಹೋದಾಗ, ಅದೇ ಪ್ರಾಣಿಯ ಕೆಳದವಡೆಗಳೂ ದೇಹದ ಬಹುಭಾಗವೂ ದೊರೆತುವು. ಎರಡನೆಯದಾಗಿ, ಬ್ರೌನ್ ಅವರು ೧೯೧೦ರಲ್ಲಿ ಡ್ರೈ ಐಲೆಂಡ್ ಬಳಿ ಹಲವು ಆಲ್ಬರ್ಟೋಸಾರಸ್‌ಗಳ ಎಲುಬುಗಳನ್ನು ಒಂದೆಡೆ ಕಂಡು, ಕೆಲವನ್ನು ಮಾತ್ರ ಒಯ್ದಿದ್ದರು. ಅವರ ಹಳೆಯ ಛಾಯಾಚಿತ್ರಗಳನ್ನು ಹಿಡಿದು ಹೊರಟ ಫಿಲಿಪ್ ಕರಿ ಅವರ ತಂಡವು ೧೯೯೭ರಲ್ಲಿ ಆ ಸ್ಥಳವನ್ನು ಮತ್ತೆ ಕಂಡುಹಿಡಿಯಿತು. ಚಿಕ್ಕವೂ ದೊಡ್ಡವೂ ಆದ ಹತ್ತಕ್ಕಿಂತ ಹೆಚ್ಚು ಪ್ರಾಣಿಗಳು ಅಲ್ಲಿ ಒಟ್ಟಿಗೆ ಇರುವುದರಿಂದ, ಈ ಮಾಂಸಾಹಾರಿಗಳು ಗುಂಪುಗೂಡಿ ಬಾಳುತ್ತಿದ್ದುವೆ ಎಂಬ ಪ್ರಶ್ನೆ ಹುಟ್ಟಿತು. ಬೇರೆ ಕಾರಣಗಳಿಂದಲೂ ಅವು ಒಂದೆಡೆ ಸೇರಿರಬಹುದು. ಆದರೆ ಸ್ಥಳವು ಸಿಕ್ಕದಿದ್ದರೆ ಈ ಚರ್ಚೆಗೆ ಆಧಾರವೇ ಇರುತ್ತಿರಲಿಲ್ಲ. ಮೂರನೆಯದಾಗಿ, ಗುಂಡಿಗಳ ಎತ್ತರವನ್ನು ಹೋಲಿಸಿದಾಗ ಕೊಂಬುಳ್ಳ ಸೆಂಟ್ರೋಸಾರಸ್ ಕೆಳಗಿನ ಸ್ತರಗಳಲ್ಲಿಯೂ ಸ್ಟೈರಾಕೋಸಾರಸ್ ಮೇಲಿನ ಸ್ತರಗಳಲ್ಲಿಯೂ ಇರುವುದು ಗೊತ್ತಾಯಿತು. ಎಂದರೆ ಅವು ನೆರೆಹೊರೆಯವಾಗಿರದೆ ಒಂದರ ಅನಂತರ ಒಂದು ಬಾಳಿದುವು. ನಡುವಣ ಬೂದಿಯ ಪದರಗಳಲ್ಲಿ ಆರ್ಗಾನ್ ಅನಿಲದ ಪ್ರಮಾಣವನ್ನು ಅಳೆದು ಈ ಸ್ತರಗಳ ಕಾಲವನ್ನು ವರ್ಷಗಳಲ್ಲಿಯೇ ಹೇಳಲು ಸಾಧ್ಯವಾಗಿದೆ.

ಈ ಪ್ರದೇಶದ ಒಂದು ಭಾಗವನ್ನು ೧೯೫೫ರಲ್ಲಿ ರಕ್ಷಿತ ಉದ್ಯಾನವನ್ನಾಗಿ ಮಾಡಲಾಯಿತು. ೧೯೭೯ರಲ್ಲಿ ಅದು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ೧೯೮೫ರಲ್ಲಿ ಡ್ರಮ್‌ಹೆಲರ್‌ನಲ್ಲಿ ಟಿರೆಲ್ ಅವರ ಹೆಸರಿನ ಸಂಗ್ರಹಾಲಯವು ತೆರೆಯಿತು. ಉದ್ಯಾನದ ಇಳಿಜಾರುಗಳು ಇಂದಿಗೂ ಹೊಸ ಎಲುಬುಗಳನ್ನು ನೀಡುತ್ತಿವೆ. ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಯು ಇದರಿಂದ ಗ್ರಹಿಸಬೇಕಾದ ಅಂಶವು ಸರಳವಾದುದು: ಮಾದರಿಯನ್ನು ನೆಲದಿಂದ ಎತ್ತುವ ಮುನ್ನ ಅದು ಇದ್ದ ಸ್ಥಳವನ್ನೂ ಸ್ತರವನ್ನೂ ಬರೆದಿಡಬೇಕು. ಮಳೆಯು ಗುಂಡಿಯನ್ನು ಅಳಿಸಿದ ಮೇಲೆ ಆ ಬರವಣಿಗೆಯ ಹೊರತು ಬೇರೆ ಸಾಕ್ಷ್ಯವಿರುವುದಿಲ್ಲ.